ಮೋಟರ್‌ಹೋಮ್ ಜನರೇಟರ್ ಹಟ ಮಾಡುತ್ತಿದೆಯೇ? ಕಾರ್ಬೊರೇಟರ್ ಬಿಚ್ಚುವ ಮೊದಲು ಇಷ್ಟು ನೋಡಿ

ಜನರೇಟರ್ ಸ್ಟಾರ್ಟ್ ಆಗಲು ಸತಾಯಿಸಿದರೆ ಎಲ್ಲರ ಅನುಮಾನವೂ ಮೊದಲು ಹೋಗುವುದು ಕಾರ್ಬೊರೇಟರ್ ಮೇಲೆ, ಅಂದರೆ ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸಿ ಎಂಜಿನ್‌ಗೆ ಕೊಡುವ ಭಾಗದ ಮೇಲೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಮೋಟರ್‌ಹೋಮ್‌ನಲ್ಲಿ (ಒಳಗೇ ವಾಸಿಸಬಹುದಾದ ಗಾಡಿಯಲ್ಲಿ) ಜನರೇಟರ್ ಇರುವುದು ಇಕ್ಕಟ್ಟಿನ ಪೆಟ್ಟಿಗೆಯೊಳಗೆ. ಅಲ್ಲಿ ಕೈಯಾಡುವುದೇ ಕಷ್ಟ. ಹಾಗಾಗಿ ಬಿಚ್ಚದೆ ನೋಡಬಹುದಾದದ್ದನ್ನೆಲ್ಲ ಮೊದಲು ನೋಡಿ ಮುಗಿಸಿ. ಇಲ್ಲಿ ಹೇಳುತ್ತಿರುವುದು ಪೆಟ್ರೋಲ್ ಜನರೇಟರ್ ಬಗ್ಗೆ.

ಗಾಡಿಯನ್ನು ಬಯಲಲ್ಲಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮುಚ್ಚಿದ ಶೆಡ್‌ನಲ್ಲಿ ಈ ಕೆಲಸ ಬೇಡವೇ ಬೇಡ. ಆಟೋ ಸ್ಟಾರ್ಟ್ ಇದ್ದರೆ ಆಫ್ ಮಾಡಿ. ಯಾವುದೇ ಭಾಗಕ್ಕೆ ಕೈ ಹಾಕುವ ಮುಂಚೆ ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆದಿಡಿ, ಸೆಲ್ಫ್ ಹೊಡೆದು ನೋಡುವಾಗ ಮಾತ್ರ ಮತ್ತೆ ಜೋಡಿಸಿ. ನೀವು ಹೊರಗೆ ಕೈ ಒಳಗಿಟ್ಟುಕೊಂಡು ಕೂತಿರುವಾಗ, ಒಳಗಿದ್ದವರು ಗೊತ್ತಿಲ್ಲದೆ ಸ್ವಿಚ್ ಒತ್ತಿಬಿಡಬಹುದು.

ಮೊದಲು ಶಬ್ದ ಕೇಳಿ

ಸ್ವಿಚ್ ಒತ್ತಿದಾಗ ಏನು ಕೇಳಿಸುತ್ತದೆ? ಬರೀ 'ಟಕ್' ಅಂದು ಸುಮ್ಮನಾದರೆ, ಅಥವಾ ಎಂಜಿನ್ ನಿಧಾನಕ್ಕೆ ಏದುಸಿರು ಬಿಡುತ್ತಾ ತಿರುಗಿದರೆ, ತೊಂದರೆ ಹೆಚ್ಚಾಗಿ ಬ್ಯಾಟರಿಯದ್ದೋ ಕೇಬಲ್‌ನದ್ದೋ. ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪೆಟ್ರೋಲ್, ಗಾಳಿ, ಕಿಡಿ ಈ ಮೂರರಲ್ಲಿ ಒಂದು ಕೈಕೊಟ್ಟಿದೆ. ಸೆಲ್ಫ್ ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ. ನಡುವೆ ಒಂದು ನಿಮಿಷವಾದರೂ ಬಿಡಿ, ಸ್ಟಾರ್ಟರ್ ಮೋಟರ್ ಬೇಗ ಕಾದುಹೋಗುತ್ತದೆ.

ಬ್ಯಾಟರಿ ಮತ್ತು ಅರ್ಥ್ ಕೇಬಲ್

ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅದನ್ನು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಸೆಲ್ಫ್ ಹೊಡೆಯುವಾಗ ಎಷ್ಟಕ್ಕೆ ಇಳಿಯುತ್ತದೆ ಅನ್ನೋದೇ ಮುಖ್ಯ. 10 ವೋಲ್ಟ್‌ಗಿಂತ ಕೆಳಗೆ ಹೋದರೆ ಬ್ಯಾಟರಿ ಸೋತಿದೆ ಎಂದೇ ಅನುಮಾನಿಸಿ. ಬ್ಯಾಟರಿ ಚೆನ್ನಾಗಿಯೇ ಇದ್ದರೆ ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಅದರ ನೆಗೆಟಿವ್‌ಗೆ, ಇನ್ನೊಂದನ್ನು ಜನರೇಟರ್‌ನ ಬಣ್ಣವಿಲ್ಲದ ಬರೀ ಲೋಹಕ್ಕೆ ಒತ್ತಿ ಹಿಡಿದು, ಬೇರೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ಥ್ ಸರಿಯಿಲ್ಲ. ಕೇಬಲ್ ಚಾಸಿಗೆ ಸೇರುವ ಕಡೆ ಬೋಲ್ಟ್ ಬಿಚ್ಚಿ ನೋಡಿ. ರಸ್ತೆಯ ನೀರು, ಕೆಸರು ಬಡಿದು ಅಲ್ಲಿ ತುಕ್ಕು ಹಿಡಿದಿರುತ್ತದೆ. ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿ ಮಾಡಿ.

ಟ್ಯಾಂಕ್, ಆಯಿಲ್

ಗಾಡಿ ಮತ್ತು ಜನರೇಟರ್ ಒಂದೇ ಟ್ಯಾಂಕ್ ಹಂಚಿಕೊಂಡಿದ್ದರೆ, ಸಾಮಾನ್ಯವಾಗಿ ಜನರೇಟರ್‌ನ ಪೈಪ್ ತಳದವರೆಗೆ ಇಳಿದಿರುವುದಿಲ್ಲ. ಟ್ಯಾಂಕ್ ಸುಮಾರು ಕಾಲು ಭಾಗಕ್ಕೆ ಬಂದಾಗ ಜನರೇಟರ್ ನಿಲ್ಲಲಿ, ಗಾಡಿಗೆ ಪೆಟ್ರೋಲ್ ಉಳಿಯಲಿ ಎಂದು ಬೇಕೆಂದೇ ಹಾಗೆ ಮಾಡಿರುತ್ತಾರೆ. ಇಳಿಜಾರಲ್ಲಿ ನಿಲ್ಲಿಸಿದ್ದರೆ ಇನ್ನೂ ಮೊದಲೇ ಪೆಟ್ರೋಲ್ ಸಿಗದೆ ಹೋಗಬಹುದು. ಆಯಿಲ್ ಕಡಿಮೆಯಾದರೂ ಹಲವು ಜನರೇಟರ್‌ಗಳು ತಾವಾಗಿ ನಿಂತುಬಿಡುತ್ತವೆ.

ಪ್ಲಗ್ ನೋಡಿದರೆ ಅರ್ಧ ಉತ್ತರ

ಸ್ಟಾರ್ಟ್ ಮಾಡುವ ಮೊದಲೇ ಪೆಟ್ರೋಲ್ ತುಂಬಿಸಿಕೊಳ್ಳುವ ಪ್ರೈಮ್ ಸೌಲಭ್ಯವಿದ್ದರೆ, ಅದರ ಸ್ವಿಚ್ ಒತ್ತಿ ಹಿಡಿದಾಗ ಫ್ಯೂಯೆಲ್ ಪಂಪ್‌ನ ಸದ್ದು ಕೇಳಬೇಕು. ನಂತರ ಕೆಲವು ಸೆಕೆಂಡ್ ಸೆಲ್ಫ್ ಹೊಡೆದು ಸ್ಪಾರ್ಕ್ ಪ್ಲಗ್ ತೆಗೆಯಿರಿ. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ: ಪಂಪ್, ಫಿಲ್ಟರ್, ಬಿರುಕುಬಿಟ್ಟ ಪೈಪ್ ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಹತ್ತಿಕೊಳ್ಳುತ್ತಿಲ್ಲ. ಆಗ ಕಿಡಿ, ಚೋಕ್ (ಒಳಹೋಗುವ ಗಾಳಿಯನ್ನು ತಡೆಯುವ ಮುಚ್ಚಳ), ಏರ್ ಫಿಲ್ಟರ್ ನೋಡಿ. ತಣ್ಣಗಿರುವಾಗ ಚೋಕ್ ಮುಚ್ಚಿರಬೇಕು, ಬಿಸಿಯಾಗುತ್ತಾ ತೆರೆದುಕೊಳ್ಳಬೇಕು. ಪ್ಲಗ್ ಕರಿ ಹಿಡಿದಿದ್ದರೆ ಹೊಸದೇ ಹಾಕಿ.

ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದನ್ನು ನಾನಂತೂ ಒಪ್ಪುವುದಿಲ್ಲ. ಆ ಇಕ್ಕಟ್ಟಿನಲ್ಲಿ ಬ್ಯಾಕ್‌ಫೈರ್ ಆದರೆ (ಎಂಜಿನ್‌ನಿಂದ ಜ್ವಾಲೆ ಹೊರಕ್ಕೆ ಚಿಮ್ಮಿದರೆ) ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಕಿಲ್ಲ.

ಈಗ ಕಾರ್ಬೊರೇಟರ್

ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಕಾರ್ಬೊರೇಟರ್ ಒಳಗಿನ ಪೆಟ್ರೋಲ್ ಆರಿ, ಅಂಟಂಟು ಪದರ ಉಳಿಯುತ್ತದೆ. ಪೆಟ್ರೋಲ್ ಅಳೆದು ಬಿಡುವ ಜೆಟ್‌ನ ತೂತು ಬಹಳ ಸಣ್ಣದು, ಸ್ವಲ್ಪ ಅಂಟಿದರೂ ಸಾಕು. ಚೋಕ್ ಮುಚ್ಚಿದ್ದರೆ ಮಾತ್ರ ಓಡುವುದು, ವೇಗ ಏರುತ್ತಾ ಇಳಿಯುತ್ತಾ ಒದ್ದಾಡುವುದು ಇದರ ಗುರುತು. ಕಾರ್ಬೊರೇಟರ್ ಕ್ಲೀನರ್ ಹೊಡೆದು ತೊಳೆಯಿರಿ. ತಂತಿಯಿಂದ ಜೆಟ್ ಚುಚ್ಚಬೇಡಿ, ತೂತು ದೊಡ್ಡದಾದರೆ ಅಳತೆ ಕೆಡುತ್ತದೆ. ತಿಂಗಳಿಗೊಮ್ಮೆ ಅರ್ಧ ಲೋಡ್ ಹಾಕಿ ಒಂದೆರಡು ಗಂಟೆ ಓಡಿಸಿದರೆ ಈ ಕೆಲಸ ಅಪರೂಪಕ್ಕೆ ಬರುತ್ತದೆ. ಗಾಡಿಯನ್ನು ತುಂಬಾ ದಿನ ನಿಲ್ಲಿಸುವುದಿದ್ದರೆ ಪೆಟ್ರೋಲ್‌ಗೆ ಫ್ಯೂಯೆಲ್ ಸ್ಟೆಬಿಲೈಸರ್ (ಅದು ಬೇಗ ಕೆಡದಂತೆ ತಡೆಯುವ ದ್ರವ) ಹಾಕಿ, ಅದು ಕಾರ್ಬೊರೇಟರ್ ತಲುಪುವಷ್ಟು ಹೊತ್ತು ಓಡಿಸಿ ಆಫ್ ಮಾಡಿ.

ಇನ್ನೊಂದು ಬಗೆಯಿದೆ. ಸ್ವಿಚ್ ಒತ್ತಿ ಹಿಡಿದಷ್ಟು ಹೊತ್ತು ಓಡುತ್ತದೆ, ಬಿಟ್ಟ ಕೂಡಲೇ ನಿಲ್ಲುತ್ತದೆ. ಅಂದರೆ ಪೆಟ್ರೋಲ್, ಕಿಡಿ ಎರಡೂ ಸರಿ ಇವೆ. ಆಯಿಲ್ ಮಟ್ಟ ನೋಡಿ. ಅದೂ ಸರಿಯಿದ್ದರೆ, ಕರೆಂಟ್ ಹುಟ್ಟುತ್ತಿದೆ ಎಂಬ ಸೂಚನೆ ಕಂಟ್ರೋಲ್ ಬೋರ್ಡ್‌ಗೆ ಹೋಗದಿರಬಹುದು, ಅಥವಾ ಜನರೇಟರ್‌ನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್ ಸವೆದಿರಬಹುದು. ಸ್ವಿಚ್‌ನ ದೀಪ ಮಿನುಗುತ್ತಿದ್ದರೆ ಎಷ್ಟು ಸಲ ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಆ ಸಂಖ್ಯೆಗೆ ಏನರ್ಥ ಎಂದು ಮ್ಯಾನ್ಯುಯಲ್‌ನಲ್ಲಿರುತ್ತದೆ, ಮೆಕ್ಯಾನಿಕ್ ಕೂಡ ಮೊದಲು ಅದನ್ನೇ ಕೇಳುತ್ತಾರೆ.