ಹಿಡಿ ಅಂದ್ರ ಎಷ್ಟು?

ಸಪ್ತಾಪುರದ ನಮ್ಮ ಓಣಿಯಲ್ಲಿ ರೂಮು ಮಾಡಿಕೊಂಡಿರುವ ಒಬ್ಬ ಹುಡುಗಿ ಹೋದ ರವಿವಾರ ಮುಂಜಾನೆ ಮನೆಗೆ ಬಂದಳು. ಊರು ಗದಗ ಜಿಲ್ಲೆಯ ರೋಣದ ಹತ್ತಿರ, ಓದುವುದು ಧಾರವಾಡದಲ್ಲಿ. ಕೈಯಲ್ಲಿ ಇನ್ನೂರು ಪುಟದ ಹೊಸ ನೋಟ್‌ಬುಕ್ಕು. ನಾನು ಒಲೆಯ ಮುಂದೆ ಕೂತಿದ್ದೆ. ಹಂಚು ಕಾದಿತ್ತು.

“ಅಕ್ಕಾರ, ನಾನೂ ನಿಮ್ಮಂಗ ಅಡಿಗಿ ಬರೀಬೇಕಂತ ಮಾಡೇನ್ರಿ. ಹೆಂಗ ಚಾಲೂ ಮಾಡೂದು?”

“ಮೊದಲ ಕೈ ತೊಳಕೊಂಡು ಬಾ. ರೊಟ್ಟಿ ಬಡಕೋತ ಮಾತಾಡೋಣು.”

ಅಂದು ಅವಳು ಕೇಳಿದ್ದು, ನಾನು ಹೇಳಿದ್ದು, ಹೇಳುತ್ತಾ ಹೇಳುತ್ತಾ ನನಗೇ ನೆನಪಾದದ್ದು, ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಏಳೆಂಟು ವರ್ಷದಿಂದ ನಮ್ಮ ಕಡೆಯ ಅಡುಗೆ ಬರೆಯುತ್ತಾ ಬಂದಿದ್ದೇನೆ. ನನಗೆ ಇದಕ್ಕಿಂತ ಪ್ರೀತಿಯ ಕೆಲಸ ಇನ್ನೊಂದಿಲ್ಲ.

ಶುರುವಾದದ್ದು ಅವ್ವನಿಂದ. ನವಲಗುಂದದ ಕಡೆಯ ಎರಿ ಹೊಲದ ಮನೆಯಿಂದ ಅವ್ವ ನಮ್ಮಲ್ಲಿಗೆ ಬಂದು ಇದ್ದಾಗ, ಅವಳ ಅಡುಗೆಯನ್ನೆಲ್ಲ ಬರೆದಿಡಬೇಕು ಅನ್ನಿಸಿತು. “ಅವ್ವಾ, ಶೇಂಗಾ ಹಿಂಡಿಗೆ (ಅಂದರೆ ಶೇಂಗಾ ಚಟ್ನಿಪುಡಿಗೆ) ಖಾರಪುಡಿ ಎಷ್ಟು?” “ಒಂದ್ ಹಿಡಿ.” “ಉಪ್ಪು?” “ಕೈಗೆ ಗೊತ್ತಾಗ್ತೈತಿ.” “ಬೆಲ್ಲ?” “ಮುಂದ ಮಾಡಿ ಹಾಕು.” ಇವನ್ನೇ ಹಾಗೇ ಬರೆದರೆ ಓದಿದವರು ಏನು ಮಾಡಬೇಕು?

ಆಗ ತಕ್ಕಡಿ ತಂದೆ. ಅಂಗೈಯಗಲದ, ಸೆಲ್ ಹಾಕುವ ತಕ್ಕಡಿ. ಅವ್ವ ಡಬ್ಬಿಗೆ ಕೈ ಹಾಕಿ ತೆಗೆಯುತ್ತಿದ್ದಂತೆ “ನಿಲ್ಲು” ಅಂದು, ಹಿಡಿಯ ಕೆಳಗೆ ಬಟ್ಟಲು ಹಿಡಿಯುತ್ತಿದ್ದೆ. ಮೊದಮೊದಲು ಅವಳಿಗೆ ಸಿಟ್ಟು ಬಂತು. ಆಮೇಲೆ ಅವಳೇ “ಎಷ್ಟ್ ಬಂತ?” ಎಂದು ಕೇಳತೊಡಗಿದಳು. ಅವ್ವನ ಒಂದು ಹಿಡಿ ಜೋಳದ ಹಿಟ್ಟು 62 ಗ್ರಾಂ. ಮರುದಿನ ತೂಗಿದರೆ 60. ಮೂರನೇ ದಿನ 63. ಅರವತ್ತು ವರ್ಷ ರೊಟ್ಟಿ ಬಡಿದ ಕೈ ಅದು; ತಕ್ಕಡಿಯ ಜೊತೆ ಹಟ ಹಿಡಿದಂತೆ ಒಂದೇ ತೂಕ ಕೊಡುತ್ತಿತ್ತು. ನನ್ನ ಹಿಡಿ 48. ರವಿವಾರ ಆ ಹುಡುಗಿಯ ಹಿಡಿಯನ್ನೂ ತೂಗಿದೆವು: 41. “ಅಯ್ಯ, ಅದಕ್ಕ ನಾ ಮಾಡಿದ್ದು ಎಲ್ಲಾ ಸಪ್ಪಗ ಆಗ್ತಿತ್ತೇನ್ರಿ!” ಎಂದು ಅವಳು ನಕ್ಕಳು. ನೋಟ್‌ಬುಕ್ಕಿನ ಮೊದಲ ಸಾಲು ಅದೇ ಆಯಿತು.

ನಾನು ಎರಡನ್ನೂ ಬರೆಯುತ್ತೇನೆ. “ಒಂದು ಹಿಡಿ, ಅಂದರೆ ಸುಮಾರು 60 ಗ್ರಾಂ.” ಬರೀ ಗ್ರಾಂ ಬರೆದರೆ ಅವ್ವ ಕಾಣಿಸುವುದಿಲ್ಲ. ಬರೀ ಹಿಡಿ ಬರೆದರೆ ಅಡುಗೆ ಬರುವುದಿಲ್ಲ.

ರೊಟ್ಟಿಯ ಬಗ್ಗೆ ನಾನು ಬರೆದ ಮೊದಲ ಬರಹದಲ್ಲಿ “ಬೇಕಾದಷ್ಟು ನೀರು” ಎಂದಿದ್ದೆ. ಓದಿ ಮಾಡಿದ ಬೆಂಗಳೂರಿನ ಒಬ್ಬ ಹೆಣ್ಣುಮಗಳು ಫೋನ್ ಮಾಡಿ, ಬಡಿಯುವಾಗಲೇ ಅಂಚು ಒಡೆದು ನಕಾಶೆಯಂತಾಯಿತು ಎಂದಳು. ಬಹಳ ಬೇಜಾರಾಯಿತು. ಒಂದು ವಾರ ಅದನ್ನೇ ಹಿಡಿದು ಕೂತೆ. ಜೋಳದಲ್ಲಿ ಗೋಧಿಯಂತೆ ಅಂಟು ಇಲ್ಲ, ಗ್ಲುಟೆನ್ ಇಲ್ಲ. ಹಿಟ್ಟನ್ನು ಹಿಡಿದಿಡುವುದು ಕುದಿಯುವ ನೀರು. ಆ ಬಿಸಿಗೆ ಹಿಟ್ಟಿನ ಪಿಷ್ಟ ಉಬ್ಬಿ ಗಂಜಿಯಂತಾಗಿ, ಅದೇ ಅಂಟಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ನಾದಿದರೆ ಒಡೆಯುವುದೇ. ಇನ್ನು ಹಳೆಯ ಹಿಟ್ಟು. ಗಿರಣಿಯಿಂದ ಬಂದು ತಿಂಗಳು ಕಳೆದ ಹಿಟ್ಟಿಗೆ ಸ್ವಲ್ಪ ಕಹಿ ಬರುತ್ತದೆ, ಜಿಗಿಯೂ ಹೋಗಿರುತ್ತದೆ. ಆ ಹೆಣ್ಣುಮಗಳು ಅಂಗಡಿಯಲ್ಲಿ ತಂದ ಪ್ಯಾಕೆಟ್ಟು ಎಷ್ಟು ದಿನದ್ದೋ.

ಈಗ ಹೀಗೆ ಬರೆಯುತ್ತೇನೆ. ಹಿಂಗಾರಿ ಬಿಳಿಜೋಳದ ಹೊಸ ಹಿಟ್ಟು 200 ಗ್ರಾಂ, ಕುದಿಯುವ ನೀರು 180 ಮಿಲಿಲೀಟರ್, ಉಪ್ಪು ಚಿಟಿಕೆ. ಹಿಟ್ಟಿನ ನಡುವೆ ಗುಣಿ ಮಾಡಿ ನೀರು ಹೊಯ್ದು, ಸೌಟಿನ ಹಿಡಿಕೆಯಿಂದ ಕಲಸಿ, ಐದು ನಿಮಿಷ ಮುಚ್ಚಿಡು. ಕೈ ತಡೆಯುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದು. ಒಂದು ಉಂಡಿಯನ್ನು ಬೆರಳಿಂದ ಒತ್ತಿ ನೋಡು: ಅಂಚಿನಲ್ಲಿ ಬಿರುಕು ಬಿಟ್ಟರೆ ಇನ್ನಷ್ಟು ನಾದಬೇಕು, ಬಿಡದಿದ್ದರೆ ಬಡಿಯಬಹುದು. ಹಂಚಿಗೆ ಹಾಕಿದ ಮೇಲೆ ಹಿಟ್ಟು ಹತ್ತಿದ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರು. ಆ ನೀರು ಆರುತ್ತಾ ಹೊಳಪು ಹೋಗುತ್ತಲ್ಲ, ಆಗಲೇ ಮಗುಚಬೇಕು. ಪೂರ್ತಿ ಒಣಗಿದರೆ ರೊಟ್ಟಿ ಉಬ್ಬುವುದಿಲ್ಲ.

“ಎಷ್ಟು ಸೆಕೆಂಡು ಅಂತ ಬರೀರಲ್ಲ ಅಕ್ಕಾರ?” ಹುಡುಗಿ ಪೆನ್ನು ಎತ್ತಿ ಕೇಳಿದಳು.

ಸೆಕೆಂಡು ಬರೆಯುವುದಿಲ್ಲ. ನಿನ್ನ ಒಲೆ ಬೇರೆ, ನನ್ನ ಹಂಚು ಬೇರೆ. ಹೊಳಪು ಮಾತ್ರ ಎಲ್ಲರ ರೊಟ್ಟಿಯಲ್ಲೂ ಹಾಗೇ ಹೋಗುತ್ತದೆ. ತೂಕ ಅಂಕಿಯಲ್ಲಿರಲಿ, ಹೊತ್ತು ಗುರುತಿನಲ್ಲಿರಲಿ. ಒಗ್ಗರಣೆಗೆ ಸಾಸಿವೆ “ಚಟಪಟ ಅನ್ನೋದು ನಿಂತ ಮೇಲೆ”, ಶೇಂಗಾ “ಸಿಪ್ಪಿ ಮೇಲೆ ಕಂದು ಚುಕ್ಕಿ ಬಿದ್ದ ಮೇಲೆ”. ಇದು ಬರಬೇಕೆಂದರೆ ಬರೆಯುವವಳು ಒಲೆಯ ಮುಂದೆ ಕಣ್ಣು, ಕಿವಿ, ಮೂಗು ತೆರೆದು ನಿಂತಿರಬೇಕು. ಒಂದೊಂದು ಅಡುಗೆಯನ್ನು ಮೂರು ಸಲ ಮಾಡದೆ ನಾನು ಬರೆಯುವುದಿಲ್ಲ. ಎರಡನೇ ಸಲ ನಾನು ಬರೆದದ್ದನ್ನು ನೋಡಿಕೊಂಡೇ ಮಾಡುತ್ತೇನೆ, ನೆನಪಿನಿಂದ ಅಲ್ಲ. ಬಿಟ್ಟುಹೋದದ್ದು ಆಗ ಸಿಗುತ್ತದೆ.

ಖಾರಪುಡಿಯ ವಿಷಯದಲ್ಲೂ ಒಂದು ತಪ್ಪಾಯಿತು. ಶೇಂಗಾ ಹಿಂಡಿಗೆ “ಖಾರಪುಡಿ ನಾಲ್ಕು ಚಮಚ” ಎಂದು ಬರೆದಿದ್ದೆ. ನಮ್ಮ ಮನೆಯಲ್ಲಿ ಖಾರಪುಡಿ ಅಂದರೆ ಬ್ಯಾಡಗಿಯದೇ, ಬೇರೆ ಹೆಸರು ಹೇಳುವ ರೂಢಿಯೇ ಇಲ್ಲ. ಓದಿದ ಒಬ್ಬರು ಬೇರೆ ಮೆಣಸಿನಕಾಯಿಯ ಪುಡಿ ಹಾಕಿದರು. ಮಕ್ಕಳು ಒಂದು ತುತ್ತಿಗೇ ಕಣ್ಣಲ್ಲಿ ನೀರು ತಂದುಕೊಂಡರಂತೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬಣ್ಣ ತೆಗೆಯುವ ಕಾರಖಾನೆಗಳಿಗೂ ಇದು ಹೋಗುತ್ತದೆ. ಬ್ಯಾಡಗಿಯಲ್ಲೇ ಎರಡು ಬಗೆ. ಕಡ್ಡಿ ಅಂದರೆ ಉದ್ದ, ಮೈತುಂಬ ಸುಕ್ಕು. ಡಬ್ಬಿ ಅಂದರೆ ಗಿಡ್ಡ, ದುಂಡು. ಈಗ ಪ್ರತಿ ಸಲ “ಬ್ಯಾಡಗಿ” ಎಂದು ಬರೆಯುತ್ತೇನೆ. ಬೇರೆಯದಾದರೆ ಮೊದಲು ಒಂದೇ ಚಮಚ ಹಾಕಿ ರುಚಿ ನೋಡಿ ಎನ್ನುತ್ತೇನೆ.

ಅದೇ ಹಿಂಡಿಯ ಇನ್ನೊಂದು ಮಾತು. ಅವ್ವ ಒರಳಲ್ಲಿ ಕುಟ್ಟುತ್ತಿದ್ದಳು, ನಾನು ಮಿಕ್ಸರ್‌ಗೆ ಹಾಕಿದೆ, ಮುದ್ದೆಯಾಯಿತು. ಶೇಂಗಾದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ. ಮಿಕ್ಸರ್ ಬಿಸಿಯಾದಂತೆ ಅದು ಹೊರಗೆ ಬಿಡುತ್ತದೆ. ಹುರಿದ ಶೇಂಗಾ ಪೂರ್ತಿ ಆರಬೇಕು. ಬಳ್ಳೊಳ್ಳಿ, ಜೀರಿಗಿ, ಉಪ್ಪು, ಖಾರಪುಡಿ ಮೊದಲು ತಿರುವಿ, ಶೇಂಗಾ ಕೊನೆಗೆ ಹಾಕಿ, ಬಿಟ್ಟು ಬಿಟ್ಟು ನಾಲ್ಕೈದು ಸಲ ತಿರುವಿದರೆ ಸಾಕು. ತರಿತರಿ ಇರಬೇಕು.

“ಬಳ್ಳೊಳ್ಳಿ ಅಂದ್ರ ಮೈಸೂರ ಕಡೆಯವ್ರಿಗೆ ತಿಳಿತೈತೇನ್ರಿ?”

ಇದು ನನಗೆ ಬಹಳ ಮುಖ್ಯವಾದ ಪ್ರಶ್ನೆ. ಮೊದಲ ಸಲ ಬಂದಾಗ “ಬಳ್ಳೊಳ್ಳಿ, ಅಂದರೆ ಬೆಳ್ಳುಳ್ಳಿ” ಎಂದು ಒಮ್ಮೆ ಹೇಳುತ್ತೇನೆ. ಅಲ್ಲಿಂದ ಮುಂದೆ ಬಳ್ಳೊಳ್ಳಿಯೇ. ಉಳ್ಳಾಗಡ್ಡಿ (ಈರುಳ್ಳಿ), ಪುಠಾಣಿ (ಹುರಿಗಡಲೆ), ಗುರೆಳ್ಳು (ಹುಚ್ಚೆಳ್ಳು), ಮಡಕಿಕಾಳು, ಪುಂಡಿಪಲ್ಯ (ಗೋಂಗುರ), ಯಾವುದನ್ನೂ ಬದಲಿಸುವುದಿಲ್ಲ. ಓದುವವರು ಕಲಿಯುತ್ತಾರೆ. ಮೈಸೂರಿನ ಒಬ್ಬರು ಈಚೆಗೆ “ನಮ್ಮನೇಲಿ ಈಗ ಉಳ್ಳಾಗಡ್ಡಿ ಅಂತೀವಿ” ಎಂದು ಬರೆದರು. ಆ ದಿನ ಇಡೀ ನನಗೆ ಹಬ್ಬ.

ಫೋಟೋದ ಬಗ್ಗೆ ಕೇಳಿದಳು. ನನ್ನಲ್ಲಿ ದೊಡ್ಡ ಕ್ಯಾಮೆರಾ ಇಲ್ಲ, ಫೋನೇ. ಮುಂಜಾನೆ ಎಂಟರ ಸುಮಾರಿಗೆ ಅಡುಗೆಮನೆ ಕಿಟಕಿಯ ಪಕ್ಕ ಇಟ್ಟು, ಬಿಳಿ ರೊಟ್ಟಿಯ ಕೆಳಗೆ ಕರಿ ಕಂಬಳಿ ಹಾಸುತ್ತೇನೆ, ಅಷ್ಟೇ. ಸ್ಟೀಲ್ ತಾಟು ಹೊಳೆಯುತ್ತದೆ, ಬೇಡ. ಕಷ್ಟ ಕೊಡುವುದು ಗಿರಮಿಟ್ ಒಂದೇ. ಹುಣಸಿಹಣ್ಣು, ಬೆಲ್ಲ, ಉಳ್ಳಾಗಡ್ಡಿಯ ಗೊಜ್ಜಿಗೆ ಚುರುಮರಿ (ಮಂಡಕ್ಕಿ), ಪುಠಾಣಿ ಹಿಟ್ಟು ಕಲಸಿದ ಮೇಲೆ ಅದು ಯಾರಿಗೂ ಕಾಯುವುದಿಲ್ಲ. ಕಿಟಕಿಯ ಪರದೆ ಸರಿಸಿ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಗಾಡಿಯ ಮುಂದೆ ನಿಂತೇ ಯಾಕೆ ತಿನ್ನುತ್ತಾರೆ ಅಂತ ಅವತ್ತು ತಿಳಿಯಿತು. ಈಗ ಖಾಲಿ ತಾಟು, ಪಕ್ಕದಲ್ಲಿ ಮಿರ್ಚಿ ಇಟ್ಟು ಫೋಟೋ ಸರಿಮಾಡಿಕೊಂಡು, ಆಮೇಲೆ ಗಿರಮಿಟ್ ಕಲಸುತ್ತೇನೆ. ಒಂದು ಫೋಟೋ, ಮುಗೀತು, ತಿನ್ನುವುದು.

ನನ್ನ ಒಂದು ಫೋಟೋವನ್ನು ಒಂದು ಖಾನಾವಳಿಯವರು ಕೇಳದೆ ತಮ್ಮ ಬೋರ್ಡಿನ ಮೇಲೆ ಹಾಕಿಕೊಂಡಿದ್ದರು. ಕಂಬಳಿಯ ಅಂಚು ನೋಡಿ ಗುರುತು ಹಿಡಿದೆ. ನೋವಾಯಿತು, ಹೋಗಿ ಹೇಳಿದೆ, ತೆಗೆದರು.

“ಧಾರವಾಡ ಪೇಡೆ ಯಾಕ ಬರೆದಿಲ್ರಿ?” ಬರೆಯಲೆಂದೇ ಎರಡು ಲೀಟರ್ ಎಮ್ಮೆ ಹಾಲು ತಂದು ಇಳಿಸಿದ್ದೆ. ತಾಸುಗಟ್ಟಲೆ ತಿರುವಿದ ಮೇಲೆ ನಾಲ್ಕು ನೂರು ಗ್ರಾಂ ಖೋವಾ ಬಂತು. ಅದನ್ನು ಕಂದು ಬಣ್ಣಕ್ಕೆ ಹುರಿಯುವಾಗ ಮೊದಲ ಸಲ ಬೇಗ ಇಳಿಸಿದೆ, ಎರಡನೇ ಸಲ ತಳ ಹತ್ತಿತು. ಧಾರವಾಡದ ಲೈನ್ ಬಜಾರಿನ ಪೇಡೆಯ ಹದವಾಗಿ ಕಂದಿದ ಆ ಬಣ್ಣ, ಸಣ್ಣ ಹರಳಿನ ಆ ಮೈ ನನ್ನ ಕೈಗೆ ಇನ್ನೂ ಬಂದಿಲ್ಲ. ಹಾಲಿನ ಪುಡಿ ಹಾಕಿ ಹತ್ತು ನಿಮಿಷದ ಪೇಡೆ ಎಂದು ಬರೆಯಲು ನನಗೆ ಮನಸ್ಸಿಲ್ಲ. ಬಂದ ದಿನ ಬರೆಯುತ್ತೇನೆ.

ಅಷ್ಟರಲ್ಲಿ ಹುಡುಗಿ ಬಡಿದ ಮೂರನೇ ರೊಟ್ಟಿ ಉಬ್ಬಿತು. ಅವಳು ಕೂಗಿದ ಕೂಗಿಗೆ ಒಳಕೋಣೆಯಿಂದ ಅವ್ವ ಎದ್ದು ಬಂದಳು. ಮೂವರೂ ಬದನಿಕಾಯಿ ಎಣ್ಣಿಗಾಯಿ, ಹಿಂಡಿ, ಗಟ್ಟಿ ಮೊಸರು ಹಾಕಿಕೊಂಡು ಅಲ್ಲೇ ಕೂತು ಉಂಡೆವು.

“ಏನ ಬರೀತಿ ಮೊದಲ?” ಕೇಳಿದೆ.

“ನಮ್ಮ ಅಮ್ಮ, ಅಂದ್ರ ಅಜ್ಜಿ, ಎಳ್ಳ ಅಮಾಸಿಗೆ ಕರಿಂಡಿ ಚಟ್ನಿ ಮಾಡ್ತಾಳ್ರಿ. ಅಗಸಿ ಎಷ್ಟು, ಹಸಿಮೆಣಸಿನಕಾಯಿ ಎಷ್ಟು ಅಂತ ನಮ್ಮವ್ವಗೂ ಗೊತ್ತಿಲ್ಲ. ಆಕೀ ಕೈಯಾಗ ಐತಿ.” ಸ್ವಲ್ಪ ಸುಮ್ಮನಿದ್ದು, “ಅಮ್ಮಗ ಎಂಬತ್ತೆರಡು ವರ್ಷ ಆಗ್ಯಾವ್ರಿ” ಎಂದಳು.

ತಕ್ಕಡಿಗೆ ಹೊಸ ಸೆಲ್ ಹಾಕಿ, ಅರಿವೆಯಲ್ಲಿ ಸುತ್ತಿ, ಅವಳ ಚೀಲದಲ್ಲಿ ಇಟ್ಟು ಕಳಿಸಿದೆ. ಅವ್ವ ಬಾಗಿಲ ತನಕ ಹೋಗಿ, “ಆಕಿ ಹಿಡಿ ಎಷ್ಟ್ ಬಂತಂತ ನನಗ ಫೋನ್ ಮಾಡಿ ಹೇಳು” ಎಂದಳು.