ಉಸಿರು ಕಟ್ಟುವ ಗೊರಕೆಗೆ ಇಂಪ್ಲಾಂಟ್ ಹಾಕಿಸುವ ಮೊದಲು ಏನೇನು ನೋಡಬೇಕು

ನಮ್ಮನೆಯವರು ತಿಪಟೂರಿನಿಂದ ಕೊಬ್ಬರಿ ಲೋಡ್ ಹೊಡೆಯುತ್ತಾರೆ. ಅವರಿಗೆ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ತೊಂದರೆ ಇದೆ. ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರದ ಮಾಸ್ಕ್ ಹಾಕಿಕೊಂಡೇ ರಾತ್ರಿ ಮಲಗಬೇಕು. 'ನರಕ್ಕೆ ಕರೆಂಟ್ ಕೊಡೋ ಯಂತ್ರ ಬಂದಿದೆಯಂತಲ್ಲ, ಮಾಸ್ಕೇ ಬೇಡವಂತೆ' ಎಂದು ಕೇಳದ ನೆಂಟರಿಲ್ಲ. ಅವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಿದ್ದೆಯಲ್ಲಿ ನಾಲಿಗೆ ಸಡಿಲವಾಗಿ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಚುತ್ತದೆ. ನಾಲಿಗೆಯನ್ನು ಆಡಿಸುವುದು ಹೈಪೋಗ್ಲಾಸಲ್ ನರ. ಎದೆಯ ಮೇಲ್ಭಾಗದಲ್ಲಿ, ಚರ್ಮದ ಕೆಳಗೆ ಪೇಸ್‌ಮೇಕರ್ ಥರದ ಪೆಟ್ಟಿಗೆ ಇಟ್ಟು, ಗದ್ದದ ಕೆಳಗೆ ಆ ನರಕ್ಕೆ ವೈರು ಕೊಡುತ್ತಾರೆ. ಉಸಿರೆಳೆದಾಗ ಸಣ್ಣ ಕರೆಂಟ್ ಹೋಗಿ ನಾಲಿಗೆ ಮುಂದಕ್ಕೆ ಬರುತ್ತದೆ. ಮಲಗುವಾಗ ರಿಮೋಟ್‌ನಲ್ಲಿ ಆನ್ ಮಾಡಬೇಕು, ಎದ್ದ ಮೇಲೆ ಆಫ್. ಇನ್‌ಸ್ಪೈರ್ ಎಂಬ ಇಂಥ ಯಂತ್ರಕ್ಕೆ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಯಂತ್ರಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2014ರಲ್ಲಿ ಒಪ್ಪಿಗೆ ಕೊಟ್ಟಿತು.

ಮೊದಲು ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ ಮಾಡಿಸಿ. ರಿಪೋರ್ಟಿನಲ್ಲಿ ಎಎಚ್‌ಐ ಹುಡುಕಿ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು, ಇಲ್ಲವೇ ತೀರಾ ಕಡಿಮೆಯಾಯಿತು ಎಂಬ ಲೆಕ್ಕ ಅದು. 15ಕ್ಕಿಂತ ಕಡಿಮೆ ಇದ್ದರೆ ಈ ಆಪರೇಷನ್ ಮಾತು ಬಿಡಿ. 'ಸೆಂಟ್ರಲ್' ಎಂದು ಬರೆದಿರುವುದು ಎಷ್ಟಿದೆ ಅಂತಲೂ ನೋಡಿ. ಮೆದುಳೇ ಉಸಿರಾಡು ಎಂದು ಹೇಳದೆ ಸುಮ್ಮನಾಗುವ ತೊಂದರೆ ಅದು. ಅದು ಜಾಸ್ತಿ ಇದ್ದವರಿಗೆ ನಾಲಿಗೆ ಎಳೆದು ಏನು ಪ್ರಯೋಜನ, ಅಲ್ವಾ?

ಆಮೇಲೆ ಸಿಪ್ಯಾಪ್. ಇಲ್ಲಿ ಆತುರ ಬೇಡ. 'ಆಗಲ್ಲ' ಎನ್ನುವವರಲ್ಲಿ ಎಷ್ಟೋ ಜನರಿಗೆ ಮಾಸ್ಕ್ ಅಳತೆಯೇ ಸರಿ ಇರುವುದಿಲ್ಲ. ಗಾಳಿ ಸೋರುತ್ತಿದ್ದರೆ ಬೇರೆ ಅಳತೆ, ಬೇರೆ ಥರದ್ದು ಕೇಳಿ. ದಪ್ಪ ಮೀಸೆ ಇದ್ದರೂ ಸೋರುತ್ತದೆ. ನಮ್ಮನೆಯವರು ಮೀಸೆ ಬಿಡಲಿಲ್ಲ, ಮೂಗಿನ ಹೊಳ್ಳೆಗೆ ಕೂರುವ ಮಾಸ್ಕ್ ತಂದೆವು. ಗಂಟಲು ಒಣಗಿದರೆ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಹಾಕಿ. ಮೂಗು ಕಟ್ಟುತ್ತಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಲೈನಿಗೆ ಕೊಡಿ. ತೂಕವನ್ನೂ ಇಳಿಸಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮುಂದೆ ಈ ಮಾತು ನಡೆಯುವುದಿಲ್ಲ, ಗೊತ್ತು.

ಇಷ್ಟಾದರೂ ಆಗದಿದ್ದರೆ, ಆ ಯಂತ್ರ ಸಿಗುತ್ತದೆಯೇ ಎಂದು ಫೋನಿನಲ್ಲೇ ವಿಚಾರಿಸಿ, ಆಮೇಲೆ ಬೆಂಗಳೂರಿಗೆ ಹೊರಡಿ. ಅಲ್ಲಿ ಮದ್ದು ಕೊಟ್ಟು ನಿದ್ದೆ ಬರಿಸಿ, ಕ್ಯಾಮೆರಾ ಹಾಕಿ ಗಂಟಲು ನೋಡುತ್ತಾರೆ. ಬಾಯಿಯ ಮೇಲ್ಭಾಗದಲ್ಲಿ ಹಿಂದಕ್ಕಿರುವ ಮೆದು ಅಂಗುಳ ಸುತ್ತಲಿಂದಲೂ ಕುಗ್ಗಿ ಪೂರ್ತಿ ಮುಚ್ಚಿಕೊಳ್ಳುವವರಿಗೆ ಸಾಮಾನ್ಯವಾಗಿ ಈ ಯಂತ್ರ ಬೇಡ ಎನ್ನುತ್ತಾರೆ.

ಡಾಕ್ಟರನ್ನು ಕೇಳಲು ಒಂದು ಚೀಟಿ ಬರೆದುಕೊಂಡು ಹೋಗಿ. ಕರೆಂಟ್ ಹೆಚ್ಚು ಕಡಿಮೆ ಮಾಡಿ ಹೊಂದಿಸುವವರು ಯಾರು, ಅದಕ್ಕೆ ಎಲ್ಲಿಗೆ ಬರಬೇಕು? ಬ್ಯಾಟರಿ ಸುಮಾರು 11 ವರ್ಷಕ್ಕೆ ಮುಗಿದಾಗ ಪೆಟ್ಟಿಗೆ ಬದಲಿಸುವ ಖರ್ಚು ಎಷ್ಟು? ಮುಂದೆ ಎಂಆರ್‌ಐ ಮಾಡಿಸಬಹುದಾ? ಖರ್ಚು ಕೊಡುತ್ತಾರಾ ಎಂಬುದಕ್ಕೆ ಇನ್ಶೂರೆನ್ಸ್ ಕಂಪನಿಯ ಉತ್ತರ ಮಾತ್ರ ಬರಹದಲ್ಲೇ ಬೇಕು.

ಪೂರ್ತಿ ವಾಸಿಯಾಗುತ್ತದೆ ಎಂದುಕೊಳ್ಳಬೇಡಿ. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 126 ಜನ ಇದನ್ನು ಹಾಕಿಸಿಕೊಂಡಿದ್ದರು. ವರ್ಷದ ನಂತರ ಅವರ ನಡುಮಟ್ಟದ (ಮೀಡಿಯನ್) ಎಎಚ್‌ಐ ಸುಮಾರು 29ರಿಂದ 9ಕ್ಕೆ ಇಳಿಯಿತು. ಒಳ್ಳೆಯ ಇಳಿಕೆಯೇ, ಆದರೆ ಸೊನ್ನೆ ಅಲ್ಲ. ಆಪರೇಷನ್ ಆದ ದಿನವೇ ಯಂತ್ರ ಶುರುವಾಗುವುದೂ ಇಲ್ಲ. ಗಾಯ ಮಾಗಲು ಸುಮಾರು ಒಂದು ತಿಂಗಳು ಬಿಡುತ್ತಾರೆ. ಅಲ್ಲಿಯವರೆಗೆ ಸಿಪ್ಯಾಪ್ ಹಾಕಬಹುದಾ ಎಂದು ಕೇಳಿಕೊಳ್ಳಿ. ಲಾರಿ, ಬಸ್ಸು ಓಡಿಸುವವರು ಹಗಲು ತೂಕಡಿಕೆ ಇರುವಷ್ಟು ದಿನ ಸ್ಟೇರಿಂಗ್ ಮುಟ್ಟಬೇಡಿ. ಇನ್ನೊಂದು ಸ್ಲೀಪ್ ಸ್ಟಡಿಯಲ್ಲಿ ಎಎಚ್‌ಐ ಇಳಿದಿದೆ ಎಂದು ಕಾಣುವವರೆಗೆ ಹಳೆಯ ಸಿಪ್ಯಾಪನ್ನು ಯಾರಿಗೂ ಮಾರಬೇಡಿ.