ಕೈ ಬಿಟ್ಟ ಮೇಲೆ ನೇರ ಹಾರಿದ ಸೆಸ್ನಾ

ಕಳೆದ ಭಾನುವಾರ ಜಕ್ಕೂರಿನಿಂದ ಮೈಸೂರಿನ ಮಂಡಕಳ್ಳಿಗೆ 6,500 ಅಡಿಯಲ್ಲಿ ಹೋದೆ. ಕಂಪ್ಯೂಟರ್ ಸಿಮ್ಯುಲೇಟರಿನಲ್ಲೇ ಬಿಡಿ. ಹತ್ತಿರ ಹತ್ತಿರ ಮುಕ್ಕಾಲು ಗಂಟೆ. ಏರಿದ್ದು, ಇಳಿದದ್ದು ಬಿಟ್ಟರೆ ಎತ್ತರ ಎಲ್ಲೂ 50 ಅಡಿಗಿಂತ ಜಾಸ್ತಿ ಆಚೀಚೆ ಆಗಲಿಲ್ಲ. ಆಟೋಪೈಲಟ್ ಮುಟ್ಟಲಿಲ್ಲ. ರಾಮನಗರದ ಹತ್ತಿರ ಎದ್ದು ಹೋಗಿ ಕಾಫಿ ಬಗ್ಗಿಸಿಕೊಂಡು ಬಂದೆ. ನೋಡಿದರೆ 6,480. ಹಿಡಿದಿಟ್ಟಿದ್ದು ಟ್ರಿಮ್, ಅಂದರೆ ಕೈ ಒತ್ತದೇ ವಿಮಾನದ ಮೂಗನ್ನು ಒಂದೇ ಮಟ್ಟದಲ್ಲಿ ಇಡುವ ಹೊಂದಿಕೆ. "ಟ್ರಿಮ್ಮಿನಲ್ಲಿ ವಿಮಾನ ಹಾರಿಸೋದು ತಪ್ಪು, ಅಭ್ಯಾಸ ಕೆಡುತ್ತೆ" ಎಂದು ಎಂಟು ತಿಂಗಳಿಂದ ಹೇಳುತ್ತಿದ್ದ ಗೆಳೆಯರಿಗೆ ರೆಕಾರ್ಡಿಂಗ್ ಕಳಿಸಿದ್ದೇನೆ. ಇಬ್ಬರು ಇನ್ನೂ ಉತ್ತರ ಕೊಟ್ಟಿಲ್ಲ.

ನಂದು ಫ್ಲೈಟ್‌ಗೇರ್ ಅನ್ನುವ ಸಿಮ್ಯುಲೇಟರ್, ಅದರ ಜೊತೆಗೇ ಬರುವ ಪುಟ್ಟ ವಿಮಾನ ಸೆಸ್ನಾ 172. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ದುಡ್ಡು ನುಂಗಿದ್ದು ಜಾಯ್‌ಸ್ಟಿಕ್. ಮೊದಲನೆಯದು ಸೆಕೆಂಡ್ ಹ್ಯಾಂಡ್, 1,800 ಇರಬೇಕು. ಒಳಗಿನ ಪಾಟ್, ಅಂದರೆ ಕಡ್ಡಿ ಎಷ್ಟು ವಾಲಿದೆ ಅಂತ ಅಳೆಯುವ ಭಾಗ, ಸವೆದು ಹೋಗಿತ್ತು. ಕೈ ಬಿಟ್ಟರೂ ವಿಮಾನದ ಮೂಗು ಚಳಿ ಹತ್ತಿದ ಹಾಗೆ ನಡುಗುತ್ತಿತ್ತು. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಎರಡು ತಿಂಗಳು ಹಾಳು ಮಾಡಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ, ಒಂದು ವಾರ ಚೆನ್ನಾಗಿತ್ತು. ಡೆಡ್‌ಜೋನ್ ಏರಿಸಿದೆ. ಆಗ ನಡುವೆ ಎಷ್ಟು ಅಲ್ಲಾಡಿಸಿದರೂ ಏನೂ ಆಗದು, ಆಮೇಲೆ ಒಮ್ಮೆಗೇ ಜಿಗಿತ. ಕೊನೆಗೆ ಅಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರ್ ಇರುವ ಹೊಸದನ್ನೇ ತಗೊಂಡೆ, ಆರು ಸಾವಿರದ ಮೇಲಾಯಿತು. ಮನೆಯಲ್ಲಿ ನಾಲ್ಕು ಅಂತ ಹೇಳಿದ್ದೇನೆ.

ಹೊಸದು ಬಂದ ಮೇಲೂ ಅದೇ ಕಥೆ. ಎತ್ತರ ನಿಲ್ಲದು, 300 ಅಡಿ ಮೇಲೆ, 400 ಅಡಿ ಕೆಳಗೆ. ತಪ್ಪು ಎಲ್ಲಿತ್ತು ಅಂದರೆ, ನಾನು ಏರುವ, ಇಳಿಯುವ ವೇಗ ತೋರಿಸುವ ವರ್ಟಿಕಲ್ ಸ್ಪೀಡಿನ ಮುಳ್ಳನ್ನು ಅಟ್ಟಿಸಿಕೊಂಡು ಹೋಗುತ್ತಿದ್ದೆ. ಆ ಮುಳ್ಳು ಕೆಲವು ಸೆಕೆಂಡು ಹಿಂದೆ ಇರುತ್ತೆ. ಅದು "ಇಳಿತಿದೀಯ" ಅನ್ನುವಷ್ಟರಲ್ಲಿ ವಿಮಾನ ಆಗಲೇ ಏರಲು ಶುರು ಮಾಡಿರುತ್ತೆ. ನಾನು ಮತ್ತೆ ಎಳೆಯುತ್ತೇನೆ. ಒಂದು ರಾತ್ರಿ 5,200ರಲ್ಲಿ ನಂದಿ ಬೆಟ್ಟದ ಮೇಲೆ ಹಾಯ್ದು ಹೋಗೋಣ ಎಂದು ಹೊರಟೆ. ಬೆಟ್ಟ ಸುಮಾರು 4,850 ಅಡಿ, ಸಾಕಷ್ಟು ಜಾಗ ಇದೆ ಅಲ್ವಾ? ಮುಳ್ಳು ನೋಡುತ್ತಾ ನೋಡುತ್ತಾ ಬೆಟ್ಟಕ್ಕೇ ಹೋಗಿ ಬಡಿದೆ.

ಮಾರನೆಯ ದಿನವೇ ಹಳೇ ಕ್ಯಾಲೆಂಡರಿನ ಚೂರು ಹರಿದು ಆ ಡಯಲ್ ಮೇಲೆ ಅಂಟಿಸಿದೆ. ಅದರ ಬದಲಿಗೆ ಹೆಂಡತಿಯ ಸ್ಟಿಕ್ಕರ್ ಬಿಂದಿ ಮೂರು ತಗೊಂಡು ಮಾನಿಟರ್ ಮೇಲೆ ಸಾಲಾಗಿ ಹಚ್ಚಿದೆ, ನಡುವೆ ಒಂದು, ಆಚೆ ಈಚೆ ಒಂದೊಂದು. ಕ್ರೂಸಿನಲ್ಲಿ, ಅಂದರೆ ಒಂದೇ ಎತ್ತರದಲ್ಲಿ ಹಾರುವಾಗ, ದಿಗಂತದ ಗೆರೆ ಮೂರಕ್ಕೂ ತಾಗಬೇಕು. ಎಡದ್ದು ಮುಳುಗಿದರೆ ರೆಕ್ಕೆ ವಾಲಿದೆ ಅಂತ ಅರ್ಥ. ವ್ಯೂ ಮಾತ್ರ ಅಲ್ಲಾಡಬಾರದು, ಮೌಸ್ ತಾಗಿದರೆ ಎಲ್ಲ ಕೆಟ್ಟಿತು. ಈ ಒಂದು ರೂಪಾಯಿಯ ಕೆಲಸ ಆರು ಸಾವಿರದ ಜಾಯ್‌ಸ್ಟಿಕ್‌ಗಿಂತ ಜಾಸ್ತಿ ಉಪಯೋಗಕ್ಕೆ ಬಂತು. 400 ಅಡಿಯ ಓಲಾಟ 150ಕ್ಕೆ ಇಳಿಯಿತು.

ಉಳಿದ 150ಕ್ಕೆ ಕಾರಣ ಸ್ಟಿಕ್ಕನ್ನು ನಡುವಿಗೆ ಎಳೆಯುವ ಸ್ಪ್ರಿಂಗ್. ನಿಜವಾದ ಸೆಸ್ನಾದಲ್ಲಿ ಯೋಕ್, ಅಂದರೆ ವಿಮಾನದ ಸ್ಟೀರಿಂಗ್, ಹಿಡಿದ ಜಾಗದಲ್ಲೇ ಇರುತ್ತೆ, ಟ್ರಿಮ್ ತಿರುಗಿಸಿದಂತೆ ಕೈಮೇಲಿನ ಭಾರ ಇಳಿಯುತ್ತೆ. ನಮ್ಮ ಸ್ಪ್ರಿಂಗ್ ಜಾಯ್‌ಸ್ಟಿಕ್‌ನಲ್ಲಿ ಭಾರ ಇಳಿಯೋದೇ ಇಲ್ಲ. ಮುಂದಕ್ಕೆ ಒತ್ತಿ ಹಿಡಿದು ಟ್ರಿಮ್ ಮಾಡಿದರೆ ಎರಡೂ ಕೂಡಿಕೊಂಡು ವಿಮಾನ ಇನ್ನೂ ಧುಮುಕುತ್ತೆ. ಟ್ರಿಮ್ ಒಂದು ಕೂದಲಷ್ಟು ತಿರುಗಿಸಿದರೆ, ಸ್ಟಿಕ್ ಅಷ್ಟೇ ನಡುವಿಗೆ ಬಿಡಬೇಕು. ಎರಡು ಕೈ, ಒಂದೇ ಚಲನೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ.

ಕೀಬೋರ್ಡಿನ ಹೋಮ್, ಎಂಡ್ ಕೀಗಳಲ್ಲಿ ಟ್ರಿಮ್ ಮಾಡೋದು ನನ್ನ ಕೈಗೆ ಕೂರಲಿಲ್ಲ. ಚಕ್ರವೇ ಬೇಕಿತ್ತು. ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಎಸ್.ಪಿ. ರೋಡಿಗೆ ಹೋಗಿ, ಸುತ್ತು ಎಣಿಸುವ ರೋಟರಿ ಎನ್‌ಕೋಡರ್ ತಂದೆ. ಬೇಗ ತಿರುಗಿಸಿದರೆ ಎಣಿಕೆ ತಪ್ಪುತ್ತಿತ್ತು, ಬಿಸಾಕಿದೆ. ಮತ್ತೆ ಹೋಗಿ ಹತ್ತು ಸುತ್ತಿನ 10ಕೆ ಪಾಟ್ ಒಂದು, ಅದನ್ನು ಕಂಪ್ಯೂಟರಿಗೆ ಜೋಡಿಸಲು ಪ್ರೋ ಮೈಕ್ರೋ ಬೋರ್ಡ್ ಒಂದು ತಂದೆ. ಚಕ್ರ ನಮ್ಮಮ್ಮನ ಕೆಟ್ಟ ಹೊಲಿಗೆ ಮಿಷನ್ನಿಂದ ಬಿಚ್ಚಿದ್ದು. ಅದು ಎರಕದ್ದು, ಭಾರ ಇದೆ, ಬೆರಳು ತಾಗಿದ ಮಾತ್ರಕ್ಕೆ ಜಾರಲ್ಲ. ಬಸ್ ಚಾರ್ಜು, ದೋಸೆ ಸೇರಿ 1,100 ಆಗಿರಬಹುದು. ರೀಡಿಂಗ್ ಕುಣಿಯದಂತೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಹಾಕಿ. ಅದರ ಮೇಲೆ ಕೋಡಿನಲ್ಲಿ ಮಾಡಿದ್ದೊಂದು ಇದೆ, ಜಾಯ್‌ಸ್ಟಿಕ್ ಕರ್ವಿನ ನಂಬರ್ ಇದೆ. ಅವೆರಡನ್ನು ಹೇಳಲ್ಲ. ನಿದ್ದೆಗೆಟ್ಟು ಕಂಡುಕೊಂಡಿದ್ದು, ಬೇಜಾರಾಗಬೇಡಿ.

ಈಗ ಮಾಡೋದು ಹೀಗೆ. ಬೇಕಾದ ಎತ್ತರಕ್ಕೆ 40-50 ಅಡಿ ಇರುವಾಗ ದಿಗಂತವನ್ನು ಬಿಂದಿಗೆ ತಂದು ಹಿಡಿಯುತ್ತೇನೆ. ವೇಗ 100 ನಾಟ್ ದಾಟಿದ ಮೇಲೆ ಎಂಜಿನ್ ನಿಮಿಷಕ್ಕೆ 2,300 ಸುತ್ತಿನ ಆಸುಪಾಸಿಗೆ ಇಳಿಸುತ್ತೇನೆ. ಆಮೇಲೆ ಸುಮ್ನೆ ಕಾಯೋದು. ಅರ್ಧ ನಿಮಿಷ ಕಾಯದೆ ಟ್ರಿಮ್ ಮುಟ್ಟಿದರೆ ಮತ್ತೆ ಮೊದಲಿಂದ. ವೇಗ ನಿಂತ ಮೇಲೆ ಚಕ್ರ ತಿರುಗಿಸುತ್ತಾ ಸ್ಟಿಕ್ ಬಿಡುತ್ತೇನೆ, ಪೂರ್ತಿ ಬಿಡುತ್ತೇನೆ. ಅಲ್ಲಿಂದಾಚೆ 20 ಅಡಿ ಹೆಚ್ಚುಕಡಿಮೆ ಆದರೆ ಚಕ್ರ ಉಗುರಿನಷ್ಟು, 50 ಆದರೆ ಥ್ರಾಟಲ್ ಒಂದು ಚೂರು.

ಕೈ ಬಿಟ್ಟರೆ ರೆಕ್ಕೆ ಎಡಕ್ಕೆ ವಾಲುತ್ತೆ ಅನ್ನುತ್ತೀರಾ? ನಂದೂ ವಾಲುತ್ತಿತ್ತು. 172ರಲ್ಲಿ ಏಲರಾನ್ ಟ್ರಿಮ್, ಅಂದರೆ ರೆಕ್ಕೆ ವಾಲದಂತೆ ಮಾಡುವ ಟ್ರಿಮ್, ಇಲ್ಲ. ಪೈಲಟ್ ಎಡಗಡೆ ಒಬ್ಬನೇ ಕೂತಿದ್ದಾನೆ ಅನ್ನೋದು ಹೊಳೆದಿದ್ದು ತಡವಾಗಿ. ಯಾರು ಎಷ್ಟು ತೂಕ ಅಂತ ಹೇಳುವ ಪೇಲೋಡ್ ಮೆನುವಿನಲ್ಲಿ ಬಲಗಡೆ ಸೀಟಿಗೆ ನನ್ನ ಬಾಮೈದನನ್ನು ಕೂರಿಸಿದೆ, 75 ಕೆಜಿ. ಅವನು ಅದಕ್ಕಿಂತ ಜಾಸ್ತಿ ಇದ್ದಾನೆ, ಆದರೂ ವಾಲೋದು ಮುಕ್ಕಾಲು ಪಾಲು ನಿಂತಿತು. ಉಳಿದದ್ದಕ್ಕೆ ಬಲಗಾಲಿನ ರಡ್ಡರ್, ಅಂದರೆ ಬಾಲದ ಚುಕ್ಕಾಣಿ, ಒಂಚೂರು.

ನಡುವೆ ಒಂದು ಆಟ ಆಡಿದೆ. ಚೆನ್ನಾಗಿ ಟ್ರಿಮ್ ಆಗಿದ್ದ ವಿಮಾನದ ಮೂಗೆತ್ತಿ, ವೇಗ 15 ನಾಟ್ ಇಳಿದ ಮೇಲೆ ಸ್ಟಿಕ್ ಬಿಟ್ಟೆ. ತಾನೇ ಕೆಳಗೆ ಬಂತು, ತಾನೇ ಏರಿತು, ಉಯ್ಯಾಲೆ ಹಾಗೆ. ಒಂದು ಸುತ್ತಿಗೆ ಅರ್ಧ ನಿಮಿಷಕ್ಕೆ ಸ್ವಲ್ಪ ಕಡಿಮೆ. ನಾಲ್ಕೈದು ಸುತ್ತಿನಲ್ಲಿ ಅದಾಗೇ ಸಮಕ್ಕೆ ನಿಂತಿತು. ಫ್ಯೂಗಾಯ್ಡ್ ಅಂತಾರಲ್ಲ, ಅದೇ. ಇಷ್ಟು ದಿನ ನಾನು ಜಗಳ ಆಡುತ್ತಿದ್ದದ್ದು ತಾನೇ ಸರಿಹೋಗುವ ವಿಮಾನದ ಜೊತೆ.

ಇದೆಲ್ಲ ಗಾಳಿ ಇಲ್ಲದ ದಿನದ ಮಾತು. ಮೊನ್ನೆ ಟರ್ಬುಲೆನ್ಸ್ ಅರ್ಧಕ್ಕೆ ಇಟ್ಟು ಅದೇ ದಾರಿಯಲ್ಲಿ ಹೋದೆ. ಚನ್ನಪಟ್ಟಣ ದಾಟುವಷ್ಟರಲ್ಲಿ 120 ಅಡಿ ಆಚೀಚೆ ಆಗಿತ್ತು, ರೆಕಾರ್ಡಿಂಗ್ ನಿಲ್ಲಿಸಿಬಿಟ್ಟೆ.